ಮೂರು ಗಾಲಿಯ ಹವಾ ಯಾರ ಜವಾಬ್ದಾರಿ?

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಉದ್ಯಮಬಾಗ ದಾಟಿ, ಪೀರನವಾಡಿ, ಮಚ್ಛೆ, ದೇಸೂರು ಹಿಂದೆ ಹಾಕಿ, ಮಲಪ್ರಭೆಯ ದಂಡೆಯ ಖಾನಾಪುರ ಮುಟ್ಟುವಷ್ಟರಲ್ಲಿ ರಿಕ್ಷಾದ ಒಂದೊಂದು ಗಾಲಿಯೂ ಸುಮಾರು 20 ಸಾವಿರ ಸುತ್ತು ತಿರುಗಿರುತ್ತದೆ. ಅದೇ ದಾರಿಯಲ್ಲಿ ಸಾಧಾರಣ ಕಾರಿನ ಗಾಲಿ ತಿರುಗುವುದು 14 ಸಾವಿರ ಸುತ್ತಿನಷ್ಟು. ವಾಯವ್ಯ ಸಾರಿಗೆ ಬಸ್ಸಿನ ಗಾಲಿಗೆ 8 ಸಾವಿರ ಸುತ್ತು ಸಾಕು. ಗಾಲಿ ಚಿಕ್ಕದಾದಷ್ಟೂ ಅದರ ದುಡಿಮೆ ಹೆಚ್ಚು.

ಪ್ರತಿ ಸುತ್ತಿಗೂ ಟೈರಿನ ಮೈ ನೆಲಕ್ಕೆ ತಾಗುವಲ್ಲಿ ಒಮ್ಮೆ ಮಡಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುತ್ತದೆ. ಹೀಗೆ ಮಡಚಿ ಬಿಚ್ಚಿದಾಗಲೆಲ್ಲ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ. ಹವಾ ಸರಿಯಾಗಿದ್ದರೆ ಮಡಿಕೆ ಕಡಿಮೆ, ಶಾಖವೂ ಕಡಿಮೆ. ಹವಾ ಇಳಿದಿದ್ದರೆ ಟೈರಿನ ಪಕ್ಕೆ ಆಳವಾಗಿ ಮಡಚುತ್ತದೆ, ರಬ್ಬರ್ ಕಾಯುತ್ತದೆ, ಒಳಗಿನ ನೂಲಿನ ಪದರಗಳು ಒಂದರಿಂದೊಂದು ಬಿಡತೊಡಗುತ್ತವೆ. ಎಂಜಿನ್ನಿನ ಶಕ್ತಿಯ ಒಂದು ಪಾಲು ಗಾಡಿಯನ್ನು ಮುಂದಕ್ಕೆ ಒಯ್ಯುವುದು ಬಿಟ್ಟು ಟೈರನ್ನು ಕಾಯಿಸುವುದರಲ್ಲೇ ಖರ್ಚಾಗುತ್ತದೆ. ಆ ಖರ್ಚಿಗೆ ಹಣ ಕೊಡುವವನು ಗಾಡಿ ಓಡಿಸುವವನೇ.

ಬೆಳಗಾವಿ ನಗರದ ರಿಕ್ಷಾ, ಖಾನಾಪುರದಿಂದ ಹಳ್ಳಿಗಳಿಗೆ ಹೋಗುವ ಟಂಟಂ, ಹೆಂಚು ಇಟ್ಟಿಗೆ ಕಾಯಿಪಲ್ಲೆ ಸಾಗಿಸುವ ಮಾಲಿನ ಗಾಡಿ, ಈ ಮೂರು ಗಾಲಿಯ ವಾಹನಗಳ ನಿಗಾದಲ್ಲಿ ಅತಿ ಅಗ್ಗದ ಕೆಲಸವೆಂದರೆ ಹವಾ ನೋಡುವುದು. ಅದೇ ಕೆಲಸ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟಿದೆ. ಶೋರೂಮಿನ ವರ್ಕ್‌ಶಾಪ್ ಅದನ್ನು ಪಂಕ್ಚರ್ ಅಂಗಡಿಯ ಕೆಲಸ ಎನ್ನುತ್ತದೆ. ಪಂಕ್ಚರ್ ಅಂಗಡಿಯವನು ಗಿರಾಕಿ ಹೇಳಿದಷ್ಟು ಹೊಡೆಯುತ್ತಾನೆ. ಚಾಲಕ ಸರ್ವಿಸ್‌ನಲ್ಲಿ ಎಲ್ಲ ನೋಡಿದ್ದಾರೆ ಎಂದು ನಂಬುತ್ತಾನೆ. ಮೂವರ ನಡುವೆ ಕೆಲಸ ಬಿದ್ದುಹೋಗುತ್ತದೆ.

ಅಂಗೈ ಅಗಲದ ನೆಲ

ಟೈರಿನಲ್ಲಿ ಭಾರ ಹೊರುವುದು ರಬ್ಬರ್ ಅಲ್ಲ, ಅದರೊಳಗಿನ ಗಾಳಿ. ಲೆಕ್ಕ ಸರಳ. ಪೆಟ್ರೋಲ್ ಅಥವಾ ಸಿಎನ್‌ಜಿ ರಿಕ್ಷಾ ಖಾಲಿ ಇದ್ದಾಗ ಸುಮಾರು 350ರಿಂದ 400 ಕಿಲೋ ತೂಗುತ್ತದೆ. ಚಾಲಕ ಮತ್ತು ಮೂವರು ಪ್ರಯಾಣಿಕರು ಕೂತರೆ 640 ಕಿಲೋ ಆಸುಪಾಸು. ಎಂಜಿನ್ ಮತ್ತು ಪ್ರಯಾಣಿಕರು ಹಿಂದೆ ಇರುವುದರಿಂದ ಹಿಂದಿನ ಒಂದೊಂದು ಗಾಲಿಯ ಮೇಲೆ ಸುಮಾರು 230 ಕಿಲೋ ಬೀಳುತ್ತದೆ ಎಂದುಕೊಳ್ಳೋಣ. ಟೈರಿನಲ್ಲಿ ಚದರ ಸೆಂಟಿಮೀಟರಿಗೆ 2.3 ಕಿಲೋ, ಅಂದರೆ ಚದರ ಇಂಚಿಗೆ ಸುಮಾರು 33 ಪೌಂಡ್ ಒತ್ತಡ ಇದ್ದರೆ, 230 ಕಿಲೋ ಹೊರಲು ಟೈರು 100 ಚದರ ಸೆಂಟಿಮೀಟರ್ ನೆಲ ಒತ್ತಬೇಕು. ಅದು ದೊಡ್ಡವರ ಒಂದು ಅಂಗೈಯಷ್ಟು ಜಾಗ. ಇಡೀ ಗಾಡಿ, ಅದರೊಳಗಿನ ನಾಲ್ಕು ಜೀವ, ಮೂರು ಅಂಗೈ ನೆಲದ ಮೇಲೆ ನಿಂತಿವೆ.

ಅದೇ ಟೈರಿನಲ್ಲಿ ಒತ್ತಡ 1.5 ಕಿಲೋಗೆ ಇಳಿಯಿತು ಎನ್ನಿ. ಭಾರ ಬದಲಾಗಿಲ್ಲ. ಹಾಗಾಗಿ ಟೈರು ಇನ್ನಷ್ಟು ಚಪ್ಪಟೆಯಾಗಿ ಸುಮಾರು 150 ಚದರ ಸೆಂಟಿಮೀಟರ್ ನೆಲ ಹಿಡಿಯುತ್ತದೆ. ಹೆಚ್ಚು ನೆಲ ಸಿಕ್ಕಿತು, ಹಿಡಿತವೂ ಹೆಚ್ಚಿತು ಎಂದು ಕೆಲವರು ತಿಳಿಯುತ್ತಾರೆ. ನಿಜದಲ್ಲಿ ಭಾರವೆಲ್ಲ ಟೈರಿನ ಎರಡು ಅಂಚಿಗೆ ಸರಿಯುತ್ತದೆ, ನಡುವಿನ ಪಟ್ಟಿ ನೆಲವನ್ನು ಹಗುರಾಗಿ ಮುಟ್ಟುತ್ತದೆ. ಅಂಚು ಬೇಗ ಸವೆಯುತ್ತದೆ, ಪಕ್ಕೆ ಕಾಯುತ್ತದೆ.

ಇದಕ್ಕೆ ವಿರುದ್ಧದ ತಪ್ಪೂ ನಮ್ಮಲ್ಲಿ ಸಾಕಷ್ಟಿದೆ. ಮೈಲೇಜ್ ಬರುತ್ತದೆ, ಹೆಚ್ಚು ಮಂದಿಯನ್ನು ಕೂರಿಸಬಹುದು ಎಂದು ಟೈರು ಕಲ್ಲಾಗುವಷ್ಟು ಹವಾ ಹೊಡೆಸುವುದು. ಆಗ ನಡುವಿನ ಪಟ್ಟಿ ಮಾತ್ರ ನೆಲಕ್ಕೆ ತಾಗುತ್ತದೆ. ಗಾಡಿ ಪುಟಿಯುತ್ತದೆ, ಬ್ರೇಕ್ ಹಾಕಿದರೆ ಜಾರುತ್ತದೆ, ಗುಂಡಿಯ ಏಟು ಟೈರಿನಲ್ಲಿ ಇಂಗದೆ ನೇರವಾಗಿ ರಿಮ್ಮಿಗೆ, ಶಾಕ್‌ಅಬ್ಸಾರ್ಬರಿಗೆ, ಕೂತವರ ಬೆನ್ನೆಲುಬಿಗೆ ಬೀಳುತ್ತದೆ.

ಗಾಳಿ ತುಂಬಿದ ಟೈರು ಹುಟ್ಟಿದ್ದೇ ಮೂರು ಗಾಲಿಯ ಗಾಡಿಗಾಗಿ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದಿದ್ದರೂ ಅದು ಬಳಕೆಗೆ ಬರಲಿಲ್ಲ. 1887ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ರಸ್ತೆಯಲ್ಲಿ ಕುಲುಕುವುದನ್ನು ತಪ್ಪಿಸಲು ರಬ್ಬರ್ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದ. ಮರುವರ್ಷ ಅದಕ್ಕೆ ಪೇಟೆಂಟ್ ಸಿಕ್ಕಿತು. ಅದಕ್ಕೆ ಸ್ವಲ್ಪ ಮುಂಚೆ, 1886ರಲ್ಲಿ, ಜರ್ಮನಿಯ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೋಟಾರು ಗಾಡಿಗೂ ಗಾಲಿ ಮೂರೇ. ಆದರೆ ಅದರ ಟೈರು ಗಟ್ಟಿ ರಬ್ಬರಿನದು.

ನಮ್ಮ ರಿಕ್ಷಾದ ವಂಶ ಇಟಲಿಯದು. ಪಿಯಾಜಿಯೋ ಕಂಪನಿಯಲ್ಲಿ ವಿಮಾನ ಎಂಜಿನಿಯರ್ ಆಗಿದ್ದ ಕೊರಾಡಿನೊ ಡಿ ಅಸ್ಕಾನಿಯೊ 1946ರ ವೆಸ್ಪಾ ಸ್ಕೂಟರಿಗೆ 8 ಇಂಚಿನ ಚಿಕ್ಕ ಗಾಲಿ ಕೊಟ್ಟ. ವಿಮಾನದ ಗಾಲಿಯಂತೆ ಒಂದೇ ಬದಿಗೆ ಹಿಡಿದಿಟ್ಟ ಆ ಗಾಲಿಯನ್ನು ದಾರಿಯಲ್ಲೇ ಸಲೀಸಾಗಿ ಬಿಚ್ಚಿ ಬದಲಿಸಬಹುದಿತ್ತು. 1948ರಲ್ಲಿ ಅದರಿಂದಲೇ ಮೂರು ಗಾಲಿಯ ‘ಆಪೆ’ ಬಂತು. 1959ರಲ್ಲಿ ಬಜಾಜ್ ಕಂಪನಿಗೆ ಭಾರತದಲ್ಲಿ ಸ್ಕೂಟರ್ ಮತ್ತು ಮೂರು ಗಾಲಿಯ ವಾಹನ ತಯಾರಿಸುವ ಪರವಾನಗಿ ಸಿಕ್ಕಿತು. ಇಂದಿಗೂ ಬಜಾಜ್ ಆರ್‌ಇ ರಿಕ್ಷಾದ ಟೈರಿನ ಮೇಲೆ ಕಾಣುವ 4.00-8 ಎಂಬ ಅಂಕಿಯಲ್ಲಿ ಆ 8 ಇಂಚು ಉಳಿದುಕೊಂಡಿದೆ: ಟೈರಿನ ಅಗಲ 4 ಇಂಚು, ರಿಮ್ಮಿನ ವ್ಯಾಸ 8 ಇಂಚು. ಡೀಸೆಲ್ ಆಪೆ, ಆಲ್ಫಾದಂಥ ದೊಡ್ಡ ಗಾಡಿಗಳಿಗೆ 4.50-10 ಟೈರು. ಪಕ್ಕದಲ್ಲಿರುವ 6 ಪಿಆರ್, 8 ಪಿಆರ್ ಎಂಬುದು ಟೈರು ಎಷ್ಟು ಭಾರಕ್ಕೆ, ಎಷ್ಟು ಒತ್ತಡಕ್ಕೆ ಗಟ್ಟಿ ಎಂಬುದರ ಗುರುತು. ಇಷ್ಟು ವ್ಯತ್ಯಾಸ ಇರುವಾಗ ಎಲ್ಲ ಗಾಡಿಗೂ ಒಂದೇ ಪೌಂಡ್ ಹೊಂದುವುದಿಲ್ಲ. ಒಂದೇ ಗಾಡಿಯಲ್ಲೂ ಮುಂದಿನ ಗಾಲಿಗೊಂದು, ಹಿಂದಿನವಕ್ಕೆ ಒಂದು ಅಂಕಿ. ಗಾಡಿ ಕೊಳ್ಳುವಾಗ ಕೊಟ್ಟ ಕೈಪಿಡಿಯಲ್ಲಿ ಅದು ಅಚ್ಚಾಗಿರುತ್ತದೆ. ಆ ಕೈಪಿಡಿ ಬಹಳ ಮನೆಗಳಲ್ಲಿ ಆರ್‌ಸಿ ಪುಸ್ತಕ, ವಿಮೆ ಕಾಗದಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುರಕ್ಷಿತವಾಗಿ, ಓದದೆ ಉಳಿದಿದೆ.

ತ್ರಿಕೋನದ ಮೇಲಿನ ಭಾರ

ನಾಲ್ಕು ಗಾಲಿಯ ಗಾಡಿ ಚೌಕದ ಮೇಲೆ ನಿಂತಿದ್ದರೆ ರಿಕ್ಷಾ ನಿಂತಿರುವುದು ತ್ರಿಕೋನದ ಮೇಲೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗಳಿಗೆ ಸುಮಾರು 2 ಮೀಟರ್. ಹಿಂದಿನ ಎರಡು ಗಾಲಿಗಳ ನಡುವೆ ಸುಮಾರು 115 ಸೆಂಟಿಮೀಟರ್. ಗಾಡಿಯ ಒಟ್ಟು ಭಾರದ ಕೇಂದ್ರ ಮುಂದಿನ ಗಾಲಿಯಿಂದ ಮೂರರಲ್ಲಿ ಎರಡು ಪಾಲು ಹಿಂದೆ ಇದ್ದರೆ, ಅಲ್ಲಿಂದ ತ್ರಿಕೋನದ ಅಂಚಿಗೆ ಸಿಗುವ ಅಗಲ ಒಂದೊಂದು ಬದಿಗೆ 38 ಸೆಂಟಿಮೀಟರ್. ಚಾಲಕನ ಎಡ ಬಲಕ್ಕೆ ಒಬ್ಬೊಬ್ಬರನ್ನು ಕೂರಿಸಿ ಭಾರದ ಕೇಂದ್ರವನ್ನು ನಡುವಿಗೆ ತಂದರೆ ಅದೇ ಅಗಲ 29 ಸೆಂಟಿಮೀಟರಿಗೆ ಇಳಿಯುತ್ತದೆ. ತಿರುವಿನಲ್ಲಿ ಗಾಡಿ ಉರುಳದಂತೆ ಕಾಯುವುದು ಈ ಅಗಲವೇ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುವುದರಿಂದ, ತಿರುವಿನಲ್ಲಿ ಬ್ರೇಕ್ ಒತ್ತಿದವನಿಗೆ ಅದು ಇನ್ನೂ ಕಡಿಮೆಯಾಗುತ್ತದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಮಿತಿ ಮೀರಿದ ಪ್ರತಿ ಪ್ರಯಾಣಿಕನಿಗೆ 200 ರೂಪಾಯಿ ದಂಡ ಇಟ್ಟಿದ್ದಾರೆ. ಆದರೆ ದಂಡದ ಭಯಕ್ಕಿಂತ ಈ 9 ಸೆಂಟಿಮೀಟರಿನ ಲೆಕ್ಕ ತಿಳಿದರೆ ಚಾಲಕನ ಪಕ್ಕ ಮಂದಿ ಕೂರುವುದು ಯಾಕೆ ಬೇಡ ಎಂಬುದು ಹೆಚ್ಚು ಮನವರಿಕೆಯಾಗುತ್ತದೆ.

ಇಂಥ ಗಾಡಿಯಲ್ಲಿ ಹಿಂದಿನ ಒಂದು ಟೈರು ಮೆತ್ತಗಿದ್ದರೆ ಏನಾಗುತ್ತದೆ? ಗಾಡಿ ಆ ಬದಿಗೆ ವಾಲಿ ನಿಲ್ಲುತ್ತದೆ. ಅತ್ತ ಕಡೆಯೇ ಭಾರ ಬೀಳುವ ತಿರುವಿನಲ್ಲಿ ಟೈರು ಮತ್ತಷ್ಟು ಕುಸಿಯುತ್ತದೆ. ನೇರ ರಸ್ತೆಯಲ್ಲೂ ಮೆತ್ತನೆಯ ಗಾಲಿ ಹೆಚ್ಚು ಎಳೆತ ಕೊಡುವುದರಿಂದ ಗಾಡಿ ಆ ಕಡೆಗೆ ಜಗ್ಗುತ್ತದೆ. ಚಾಲಕ ಹ್ಯಾಂಡಲ್ ಅನ್ನು ದಿನವಿಡೀ ಇನ್ನೊಂದು ಬದಿಗೆ ಹಿಡಿದುಕೊಂಡೇ ಓಡಿಸುತ್ತಾನೆ. ಸಂಜೆಗೆ ಭುಜ ನೋಯುತ್ತದೆ, ಕಾರಣ ಹೊಳೆಯುವುದಿಲ್ಲ. ಎರಡು ಗಾಲಿಗಳ ಅಳತೆಯಲ್ಲಿ ವ್ಯತ್ಯಾಸ ಬಿದ್ದಿರುವುದರಿಂದ ನೇರ ರಸ್ತೆಯಲ್ಲೂ ಡಿಫರೆನ್ಶಿಯಲ್ಲಿನ ಹಲ್ಲುಗಳು ಬಿಡುವಿಲ್ಲದೆ ದುಡಿಯುತ್ತವೆ.

ಮೂರು ಗಾಲಿಗೆ ಇನ್ನೊಂದು ಕಷ್ಟವಿದೆ. ಕಾರಿನ ಚಾಲಕ ಗುಂಡಿಯನ್ನು ಎರಡು ಗಾಲಿಗಳ ನಡುವೆ ಬಿಟ್ಟು ದಾಟಬಲ್ಲ. ಬೈಕಿನವನು ಪಕ್ಕದಿಂದ ಹಾಯಬಲ್ಲ. ರಿಕ್ಷಾ ನೆಲದ ಮೇಲೆ ಮೂರು ಜಾಡು ಮೂಡಿಸುತ್ತದೆ: ಮುಂದಿನ ಗಾಲಿಯನ್ನು ಉಳಿಸಿದರೆ ಹಿಂದಿನದು ಬೀಳುತ್ತದೆ, ಹಿಂದಿನವನ್ನು ಉಳಿಸಿದರೆ ಮುಂದಿನದು. ಗುಂಡಿ ಇರುವ ರಸ್ತೆಯಲ್ಲಿ ಅದಕ್ಕೆ ಏಟು ತಪ್ಪಿದ್ದಲ್ಲ. ಆ ಏಟು ತಡೆಯಲು ಇರುವ ಮೊದಲ ಸಾಧನವೇ ಟೈರಿನೊಳಗಿನ ಹವಾ.

ಬಿಸಿಲಿಗೊಂದು, ಮಳೆಗೊಂದು

ಹೊರಗಿನ ಉಷ್ಣತೆ ಸುಮಾರು 6 ಡಿಗ್ರಿ ಸೆಲ್ಸಿಯಸ್ ಏರಿದರೆ ಟೈರಿನ ಒತ್ತಡ ಒಂದು ಪೌಂಡ್ ಏರುತ್ತದೆ, ಅಷ್ಟೇ ಇಳಿದರೆ ಒಂದು ಪೌಂಡ್ ಇಳಿಯುತ್ತದೆ. ಬೆಳಗಾವಿಯಲ್ಲಿ ಜನವರಿಯ ಬೆಳಗಿನ ಜಾವ 14 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ. ಎರಡರ ನಡುವೆ ಮೂರೂವರೆ ಪೌಂಡಿನ ಅಂತರ. ದೀಪಾವಳಿಗೆ ಮುಂಚೆ ಸರಿ ಮಾಡಿಸಿದ ಹವಾ ಸಂಕ್ರಾಂತಿಯ ಹೊತ್ತಿಗೆ ಚಳಿಯಿಂದಲೇ ಒಂದೆರಡು ಪೌಂಡ್ ಕುಗ್ಗಿರುತ್ತದೆ. ಪಂಕ್ಚರ್ ಇಲ್ಲದ ಒಳ್ಳೆಯ ಟ್ಯೂಬಿನಿಂದಲೂ ತಿಂಗಳಿಗೆ ಒಂದೆರಡು ಪೌಂಡ್ ಸೋರುತ್ತದೆ. ಎರಡೂ ಸೇರಿದರೆ ಕೊರತೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ದೊಡ್ಡದಾಗುತ್ತದೆ.

ಕೈಪಿಡಿಯಲ್ಲಿ ಬರೆದ ಅಂಕಿ ತಣ್ಣಗಿರುವ ಟೈರಿನದು. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಇಲ್ಲವೇ ಮೂರು ತಾಸು ನಿಂತ ಮೇಲೆ ನೋಡಬೇಕು. ಖಾನಾಪುರಕ್ಕೆ ಮೂರು ಟ್ರಿಪ್ ಮುಗಿಸಿ ಬಂದ ಬಿಸಿ ಟೈರಿನಲ್ಲಿ ಒತ್ತಡ ಹೆಚ್ಚು ತೋರುವುದು ಸಹಜ. ಹೆಚ್ಚಾಗಿದೆ ಎಂದು ಆಗ ಹವಾ ಬಿಟ್ಟರೆ, ರಾತ್ರಿ ತಣ್ಣಗಾದ ಮೇಲೆ ಅದು ಬೇಕಾದ್ದಕ್ಕಿಂತ ಕೆಳಗೆ ಇಳಿದಿರುತ್ತದೆ.

ಖಾನಾಪುರ ತಾಲ್ಲೂಕಿನಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಪೂರ್ವಕ್ಕೆ ಬೀಡಿ, ಇಟಗಿ ಕಡೆಯ ಬಯಲು. ಪಶ್ಚಿಮಕ್ಕೆ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಚೋರ್ಲಾ ಘಟ್ಟದ ದಾರಿ. ದಕ್ಷಿಣಕ್ಕೆ ಗುಂಜಿ, ಲೋಂಡಾ ಕಾಡು. ಹಿಂದೆ 4ಎ ಎನ್ನುತ್ತಿದ್ದ, ಈಗಿನ 748ನೇ ರಾಷ್ಟ್ರೀಯ ಹೆದ್ದಾರಿ ಗೋವೆಯ ಕಡೆ ಹೋಗುವುದು ಇದೇ ಕಾಡಿನೊಳಗಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಹಳ್ಳಿಗಳಲ್ಲಿ ಬಿಡದ ಮಳೆ. ನೀರು ತುಂಬಿದ ಗುಂಡಿಯ ಆಳ ತಿಳಿಯುವುದಿಲ್ಲ. ಕೆಂಪು ರಾಡಿ ಟೈರಿನ ಗೀರುಗಳೊಳಗೆ ಮೆತ್ತಿಕೊಳ್ಳುತ್ತದೆ. ರಿಮ್ಮಿನ ಒಳಮೈ ತುಕ್ಕು ಹಿಡಿದು, ಆ ತುಕ್ಕಿನ ಚಕ್ಕೆ ಟ್ಯೂಬಿಗೆ ಉಜ್ಜಿ ಸಣ್ಣ ಸೋರಿಕೆ ಶುರುವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ ಮೂರೂ ಗಾಲಿ ಬಿಚ್ಚಿಸಿ ರಿಮ್ಮಿನ ತುಕ್ಕು ಕೆರೆಸಿ ಬಣ್ಣ ಹೊಡೆಸಿದವರಿಗೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೂರು ಗಾಲಿಯ ವಾಹನದ ಟೈರಿನ ಗೀರಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಅದು ಕಾನೂನಿನ ಕಟ್ಟಕಡೆಯ ಗೆರೆ. ಕಣಕುಂಬಿಯ ಮಳೆಯಲ್ಲಿ ಆ ಗೆರೆಯವರೆಗೆ ಕಾಯುವುದು ಅಪಾಯ.

ಪಂಕ್ಚರ್ ಅಂಗಡಿಯ ಮುಂದೆ

ದಿನದಲ್ಲಿ ಎಷ್ಟೋ ಸಲ ಈ ಮಾತುಕತೆ ಕಿವಿಗೆ ಬೀಳುತ್ತದೆ.

“ಮಾಮಾ, ಎಷ್ಟ ಹಾಕ್ಲಿ?”

“ಹಾಕೋ ತಮ್ಮಾ, ಗಟ್ಟಿ ಆಗೂಮಟಾ ಹಾಕು.”

ಹುಡುಗ ಪೈಪು ಹಚ್ಚುತ್ತಾನೆ, ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಇಲ್ಲವೇ ಪಾನಾದಿಂದ ಒಂದು ಏಟು ಕೊಟ್ಟು ಸದ್ದು ಕೇಳುತ್ತಾನೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಅದೇ ಪರೀಕ್ಷೆ. 6 ಪಿಆರ್ ಟೈರು 20 ಪೌಂಡಿನಲ್ಲೂ ಬೆರಳಿಗೆ ಗಟ್ಟಿಯೇ, 40ರಲ್ಲೂ ಗಟ್ಟಿಯೇ. ಬೆರಳು ಇದನ್ನು ಹೇಳಲಾರದು. ಇಂಥ ಅಂದಾಜು ನಡೆಯುತ್ತಿರುವುದು ಉದ್ಯಮಬಾಗದ ಫೌಂಡ್ರಿಗಳಲ್ಲಿ ಎಂಜಿನ್ ಭಾಗಗಳನ್ನು ಎರಕ ಹೊಯ್ದು, ಲೇತಿನ ಮೇಲೆ ಮಿಲಿಮೀಟರಿನ ನೂರನೇ ಒಂದು ಪಾಲನ್ನು ಅಳೆದು ಕೊಡುವ ಊರಿನಲ್ಲಿ. ಅಳತೆಯ ಶಿಸ್ತು ಬೆಳಗಾವಿಗೆ ಹೊಸತಲ್ಲ. ಕಾರ್ಖಾನೆಯ ಗೇಟಿನೊಳಗಿರುವ ಆ ಶಿಸ್ತು ಗೇಟಿನ ಹೊರಗೆ ನಿಂತ ರಿಕ್ಷಾ ಸ್ಟ್ಯಾಂಡಿಗೂ ಬರಬೇಕು. ಕೈಯಲ್ಲಿ ಹಿಡಿಯುವ ಒಂದು ಗೇಜ್ ಕೊಳ್ಳುವುದು ಯಾವ ಚಾಲಕನಿಗೂ ಭಾರವಲ್ಲ. ಸ್ಟ್ಯಾಂಡಿಗೊಂದು ಇದ್ದರೂ ಸಾಕು. ಪೆಟ್ರೋಲ್ ಬಂಕಿನಲ್ಲಿ ಹವಾ ಉಚಿತವಾಗಿ ಕೊಡಬೇಕು ಎಂಬುದು ತೈಲ ಕಂಪನಿಗಳ ನಿಯಮ. ಅದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಗೇಜಿನಲ್ಲಿ ಎರಡು ಬಗೆಯ ಅಂಕಿ ಇದ್ದರೆ ಗಲಿಬಿಲಿಯಾಗಬೇಕಿಲ್ಲ: ಒಂದು ಕಿಲೋ ಎಂದರೆ 14.2 ಪೌಂಡ್.

ಪಂಕ್ಚರ್ ತೆಗೆಯುವಾಗಿನ ಒಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. 8 ಇಂಚಿನ ಟ್ಯೂಬ್ ಟೈರಿನ ರಿಮ್ಮು ಎರಡು ಹೋಳಿನದು. ಗಾಲಿಯನ್ನು ಹಬ್ಬಿಗೆ ಹಿಡಿದಿಡುವ ನಟ್ಟುಗಳು ಬೇರೆ, ಆ ಎರಡು ಹೋಳುಗಳನ್ನು ಒಂದಕ್ಕೊಂದು ಕೂಡಿಸುವ ನಟ್ಟುಗಳು ಬೇರೆ. ಅನುಭವಿ ಕೈ ಮೊದಲು ಹಬ್ಬಿನ ನಟ್ಟು ಬಿಚ್ಚಿ ಗಾಲಿಯನ್ನು ಕೆಳಗಿಡುತ್ತದೆ. ಆಮೇಲೆ ವಾಲ್ವಿನ ಪಿನ್ನು ತೆಗೆದು ಒಳಗಿನ ಹವಾ ಪೂರ್ತಿ ಹೋಗುವವರೆಗೆ ಕಾಯುತ್ತದೆ. ಟೈರನ್ನು ಕಾಲಿನಿಂದ ಒತ್ತಿ ಪಕ್ಕಾ ಮಾಡಿಕೊಂಡ ಮೇಲೆಯೇ ಹೋಳುಗಳ ನಟ್ಟಿಗೆ ಪಾನಾ ಹಚ್ಚುತ್ತದೆ. ಈ ಕ್ರಮ ತಪ್ಪಿ, ಹವಾ ಇರುವಾಗಲೇ ಹೋಳು ಕೂಡಿಸಿದ ನಟ್ಟು ಸಡಿಲಿಸಿದರೆ ಒಳಗಿನ ಒತ್ತಡ ರಿಮ್ಮನ್ನು ಸಿಡಿಸುತ್ತದೆ, ಮುಖಕ್ಕೆ ಕೈಗೆ ಬಡಿಯುತ್ತದೆ. ರಾತ್ರಿ ಹೊತ್ತು ಮೊಬೈಲ್ ಬೆಳಕಿನಲ್ಲಿ ತಾವೇ ಸ್ಟೆಪ್ನಿ ಬದಲಿಸುವ ಚಾಲಕರು ಇದನ್ನು ಕಲಿತಿರಲೇಬೇಕು. ಜೋಡಿಸುವಾಗಲೂ ಅಷ್ಟೇ: ಎರಡು ಹೋಳಿನ ನಡುವೆ ಟ್ಯೂಬು ಸಿಕ್ಕದಂತೆ ಮೊದಲು ಸ್ವಲ್ಪ ಹವಾ ಕೊಟ್ಟು ಟ್ಯೂಬನ್ನು ದುಂಡಗೆ ಮಾಡಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕೊನೆಗೆ ಪೂರ್ಣ ಒತ್ತಡ ಕೊಡಬೇಕು.

ಹೊಸ ಟೈರು ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿ ನೋಡಿ. 2324 ಎಂದಿದ್ದರೆ ಅದು 2024ರ 23ನೇ ವಾರ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತ ಟೈರಿನ ರಬ್ಬರ್ ಬಿರುಸಾಗಿರುತ್ತದೆ. ರಿಮೋಲ್ಡ್ ಟೈರನ್ನು ಮುಂದಿನ ಗಾಲಿಗೆ ಹಾಕಬೇಡಿ. ಮುಂದೆ ಇರುವುದು ಒಂದೇ ಗಾಲಿ, ಅದು ಸಿಡಿದರೆ ಹ್ಯಾಂಡಲ್ ಕೈಯಲ್ಲಿ ಉಳಿಯುವುದಿಲ್ಲ.

ಸರ್ವಿಸ್ ಎಂದರೆ ಎಣ್ಣೆ ಬದಲು ಮಾತ್ರವಲ್ಲ

ಹೊಸ ಗಾಡಿಯ ಜೊತೆ ಫ್ರೀ ಸರ್ವಿಸ್ ಕೂಪನ್‌ಗಳು ಬರುತ್ತವೆ. ಅವುಗಳಲ್ಲಿ ಮೊದಲನೆಯದನ್ನು ತಪ್ಪಿಸಲೇಬಾರದು. ಹೊಸ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುವಾಗ ಲೋಹದ ನವಿರು ಪುಡಿ ಎಣ್ಣೆಯಲ್ಲಿ ಸೇರುತ್ತದೆ. ಮೊದಲ ಎಣ್ಣೆಯನ್ನು ಬೇಗ ಬದಲಿಸುವುದು ಆ ಪುಡಿಯನ್ನು ಹೊರಹಾಕಲಿಕ್ಕೆ. ಆಮೇಲಿನ ಸರ್ವಿಸ್‌ಗಳಲ್ಲಿ ವಾಲ್ವ್ ಅಂತರ, ಗಿಯರ್‌ಬಾಕ್ಸ್ ಎಣ್ಣೆ, ಬ್ರೇಕ್ ಶೂ, ಕ್ಲಚ್ ಕೇಬಲ್, ಹ್ಯಾಂಡಲಿನ ಕೋನ್‌ಸೆಟ್, ಗಾಲಿಯ ಬೇರಿಂಗ್, ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಶಾಫ್ಟಿನ ರಬ್ಬರ್ ಬೂಟು, ಹೀಗೆ ಪಟ್ಟಿ ಉದ್ದ. ಅದರ ತುದಿಯಲ್ಲಿ ಟೈರಿನ ಒತ್ತಡವೂ ಇರುತ್ತದೆ. ಆದರೆ ಬಹಳ ಕಡೆ ಜಾಬ್ ಕಾರ್ಡಿನಲ್ಲಿ ಅದರ ಮುಂದೆ ಬೀಳುವುದು ಒಂದು ಟಿಕ್ ಗುರುತು. ಎಷ್ಟಿತ್ತು, ಎಷ್ಟು ಮಾಡಿದರು ಎಂಬ ಅಂಕಿ ಇರುವುದಿಲ್ಲ. ಅಂಕಿ ಇಲ್ಲದ ಟಿಕ್ ಗುರುತಿನಿಂದ ಮುಂದಿನ ಸರ್ವಿಸ್‌ಗೆ ಯಾವ ಉಪಯೋಗವೂ ಇಲ್ಲ. ಹಿಂದಿನ ಎಡ ಟೈರು ಪ್ರತಿ ಸಲ 6 ಪೌಂಡ್ ಕಡಿಮೆ ಬರುತ್ತಿದೆ ಎಂದು ಬರೆದಿದ್ದರೆ ತಾನೇ ಆ ಗಾಲಿಯಲ್ಲಿ ಸೋರಿಕೆ ಇದೆ ಎಂದು ಗೊತ್ತಾಗುವುದು?

ಹವಾ ನೋಡದೆ ಮಾಡಿದ ಸರ್ವಿಸ್ ಎಷ್ಟೋ ಸಲ ತಪ್ಪು ದಾರಿ ಹಿಡಿಯುತ್ತದೆ. “ಬ್ರೇಕ್ ಹೊಡದ್ರ ಎಡಕ್ಕ ಎಳೀತೈತ್ರಿ” ಎಂದು ಚಾಲಕ ಹೇಳುತ್ತಾನೆ. ಮೆಕ್ಯಾನಿಕ್ ಬ್ರೇಕಿನ ನಟ್ಟು ತಿರುವುತ್ತಾನೆ. ಎಡ ಟೈರಿನ ಹವಾ ಇಳಿದದ್ದೇ ಕಾರಣವಾಗಿದ್ದರೆ, ಹವಾ ತುಂಬಿದ ದಿನ ಗಾಡಿ ಬಲಕ್ಕೆ ಎಳೆಯಲು ಶುರುಮಾಡುತ್ತದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಎರಡು ಹಿಂಗಾಲಿಗಳ ಒತ್ತಡ ಸಮ ಮಾಡಿ, ಆಮೇಲೆ ಓಡಿಸಿ ನೋಡಿ. ಬ್ರೇಕ್ ಒತ್ತದಿದ್ದಾಗಲೂ ಎಳೆದರೆ ಗಾಲಿಯದೋ ಬೇರಿಂಗಿನದೋ ದೋಷ, ಒತ್ತಿದಾಗ ಮಾತ್ರ ಎಳೆದರೆ ಬ್ರೇಕಿನದು. ಹ್ಯಾಂಡಲ್ ನಡುಗಿದರೂ ಮೊದಲು ಮುಂದಿನ ಟೈರಿನ ಹವಾ, ಆಮೇಲೆ ರಿಮ್ಮಿನ ಬಾಗು, ಕೊನೆಗೆ ಕೋನ್‌ಸೆಟ್. ಟೈರಿನ ಸವೆತವೂ ವರದಿ ಕೊಡುತ್ತದೆ. ಎರಡೂ ಅಂಚು ಸವೆದಿದ್ದರೆ ಹವಾ ಕಡಿಮೆ, ನಡು ಸವೆದಿದ್ದರೆ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಗಾಲಿ ಹಿಡಿದ ತೋಳಿನ ಬುಷ್ ಹೋಗಿರಬಹುದು.

ಇಲ್ಲಿ ಖಾನಾಪುರದ ಕಷ್ಟವನ್ನು ಅರ್ಥ ಮಾಡಿಕೊಳ್ಳಬೇಕು. ಬೆಳಗಾವಿಯ ಟಿಳಕವಾಡಿಯಲ್ಲೋ ಶಹಾಪುರದಲ್ಲೋ ಗಾಡಿ ಓಡಿಸುವವನು ಬೆಳಿಗ್ಗೆ ವರ್ಕ್‌ಶಾಪಿಗೆ ಬಿಟ್ಟು ಸಂಜೆಗೆ ತರಬಹುದು. ಕಣಕುಂಬಿ, ಲೋಂಡಾ ಕಡೆಯವನಿಗೆ ಬೆಳಗಾವಿಗೆ ಹೋಗಿಬರುವುದೇ ಒಂದು ದಿನದ ಕೆಲಸ. ಆ ದಿನದ ಗಳಿಕೆ ಇಲ್ಲ, ಮೇಲೆ ಇಂಧನದ ಖರ್ಚು, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ಫ್ರೀ ಸರ್ವಿಸ್ ಮುಗಿದ ಕೂಡಲೇ ಆತ ಶೋರೂಮಿನ ನಂಟು ಬಿಡುತ್ತಾನೆ. ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಬೇಕಾಗಿರುವುದು ಕೆಲಸದ ಹಂಚಿಕೆ.

ಯಾವುದಕ್ಕೆ ಶೋರೂಮೇ ಬೇಕು? 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲೆ ಇಂಧನವನ್ನು ಎಲೆಕ್ಟ್ರಾನಿಕ್ ಆಗಿ ಅಳೆದು ಬಿಡುವ ವ್ಯವಸ್ಥೆ ರಿಕ್ಷಾಗಳಿಗೂ ಬಂದಿದೆ. ಅದರ ದೋಷ ಓದಲು ಕಂಪನಿಯ ಯಂತ್ರ ಬೇಕು. ವಾರಂಟಿಯ ಕೆಲಸ ಅಲ್ಲಿಯೇ ಆಗಬೇಕು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಅಧಿಕೃತ ಕೇಂದ್ರದಲ್ಲಿ ಒತ್ತಡ ಪರೀಕ್ಷೆಗೆ ಒಡ್ಡಲೇಬೇಕು. ಬ್ರೇಕ್ ಶೂ, ಕೇಬಲ್, ಗ್ರೀಸ್, ಪಂಕ್ಚರ್ ಇವೆಲ್ಲ ಊರಿನ ನಂಬಿಕಸ್ಥ ಮೆಕ್ಯಾನಿಕ್ ಮಾಡಬಲ್ಲ. ಹವಾ, ಎಣ್ಣೆಯ ಮಟ್ಟ, ದೀಪ, ಬ್ರೇಕಿನ ಆಟ ಇಷ್ಟನ್ನು ಚಾಲಕ ತಾನೇ ನೋಡಿಕೊಳ್ಳಬೇಕು.

ಚಾಲಕನೂ ಗ್ರಾಹಕನೇ

ರಿಕ್ಷಾ ಬಾಡಿಗೆಗೆ ಓಡುವ ಗಾಡಿ, ಹಾಗಾಗಿ ನಮಗೆ ಗ್ರಾಹಕ ಹಕ್ಕು ಇಲ್ಲ ಎಂದು ಅನೇಕ ಚಾಲಕರು ತಿಳಿದಿದ್ದಾರೆ. ಅದು ಸರಿಯಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಮಾತ್ರ ಕೊಂಡ ಸರಕನ್ನು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿಸಬಾರದು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(7)ನೇ ಕಲಮಿನ ವಿವರಣೆ ಹೇಳುತ್ತದೆ. ಸರ್ವಿಸ್‌ನಲ್ಲಿ ಮಾಡದ ಕೆಲಸಕ್ಕೆ ಹಣ ತೆಗೆದುಕೊಂಡರೆ, ವಾರಂಟಿಯನ್ನು ಕಾರಣವಿಲ್ಲದೆ ನಿರಾಕರಿಸಿದರೆ ಚಾಲಕ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹೊರಗಿನ ಗ್ಯಾರೇಜಿನ ಪ್ರಶ್ನೆಯೂ ದೇಶದಲ್ಲಿ ಚರ್ಚೆಯಾಗಿದೆ. ಬಿಡಿಭಾಗಗಳನ್ನು, ದುರಸ್ತಿಯ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡದ ವಿಷಯ ಮೇಲ್ಮನವಿಗೆ ಹೋಯಿತು, ಆದರೆ ಪ್ರಶ್ನೆ ಸಾರ್ವಜನಿಕವಾಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆದಾಗ ವಾಹನ ಕ್ಷೇತ್ರವನ್ನೂ ಅದರಲ್ಲಿ ಸೇರಿಸಿತು. ಖಾನಾಪುರದ ಮೆಕ್ಯಾನಿಕ್‌ಗೆ ಅಸಲಿ ಬಿಡಿಭಾಗ, ಸರಿಯಾದ ಅಳತೆಯ ಪಟ್ಟಿ ಸಿಕ್ಕರೆ ಅದರ ಲಾಭ ಇಡೀ ತಾಲ್ಲೂಕಿಗೆ.

ಇನ್ನು ಎಲೆಕ್ಟ್ರಿಕ್ ರಿಕ್ಷಾ. ಅದಕ್ಕೆ ಎಂಜಿನ್ ಎಣ್ಣೆ ಇಲ್ಲ, ಫಿಲ್ಟರ್ ಇಲ್ಲ, ಹಾಗಾಗಿ ವರ್ಕ್‌ಶಾಪಿಗೆ ಹೋಗುವ ಸಂದರ್ಭಗಳೂ ಕಡಿಮೆ. ಎಣ್ಣೆ ಬದಲಿಸಲು ಹೋದಾಗಲಾದರೂ ಯಾರೋ ಒಬ್ಬರು ಟೈರಿನತ್ತ ಕಣ್ಣು ಹಾಯಿಸುತ್ತಿದ್ದರು, ಆ ಅವಕಾಶವೂ ಈಗ ತಪ್ಪುತ್ತದೆ. ನಿಂತಲ್ಲಿಂದಲೇ ಪೂರ್ಣ ಬಲ ಕೊಡುವ ಮೋಟಾರು ಟೈರನ್ನು ಬೇಗ ಸವೆಸುತ್ತದೆ. ಒಂದು ಚಾರ್ಜಿಗೆ ಎಷ್ಟು ದೂರ ಎಂಬುದರ ಮೇಲೆಯೇ ದಿನದ ದುಡಿಮೆ ನಿಂತಿರುವಾಗ ಮೆತ್ತನೆಯ ಟೈರು ನೇರವಾಗಿ ಕೊನೆಯ ಟ್ರಿಪ್ಪನ್ನೇ ಕಸಿಯುತ್ತದೆ. ಹವಾ ಲೆಕ್ಕ ಮುಂದಿನ ದಿನಗಳಲ್ಲಿ ಇನ್ನಷ್ಟು ಮುಖ್ಯವಾಗಲಿದೆ.

ಮಾಡಬೇಕಾದ್ದು

ಡೀಲರುಗಳು ಮೂರು ಕೆಲಸ ಮಾಡಲಿ. ಗಾಡಿ ಕೊಡುವಾಗ ಮುಂದಿನ, ಹಿಂದಿನ ಗಾಲಿಯ ಒತ್ತಡವನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಬರೆದ ಸ್ಟಿಕ್ಕರನ್ನು ಚಾಲಕನ ಕಣ್ಣೆದುರು ಅಂಟಿಸಲಿ. ಜಾಬ್ ಕಾರ್ಡಿನಲ್ಲಿ ಸ್ಟೆಪ್ನಿಯೂ ಸೇರಿ ನಾಲ್ಕು ಗಾಲಿಗಳಿಗೆ ಬಂದಾಗಿನ ಅಂಕಿ, ಹೋಗುವಾಗಿನ ಅಂಕಿ ಎರಡನ್ನೂ ಬರೆಯಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಖಾನಾಪುರ, ಜಾಂಬೋಟಿ, ನಂದಗಡ, ಲೋಂಡಾಗಳಲ್ಲಿ ಸರ್ವಿಸ್ ಶಿಬಿರ ನಡೆಸಲಿ. ಗಿರಾಕಿ 26 ಕಿಲೋಮೀಟರ್ ಬರಲಾರದಿದ್ದರೆ ಎರಡು ಮೆಕ್ಯಾನಿಕ್‌ಗಳು, ಒಂದು ಕಂಪ್ರೆಸರ್ ಅಷ್ಟು ದೂರ ಹೋಗಬಹುದು.

ಕೆಎ-22 ಫಲಕದ ಪ್ರತಿ ರಿಕ್ಷಾವೂ ಫಿಟ್‌ನೆಸ್ ಪರೀಕ್ಷೆಗೆ ಬರಲೇಬೇಕು: ಎಂಟು ವರ್ಷದೊಳಗಿನದು ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಆ ಸಾಲಿನಲ್ಲಿ ನಿಂತ ಗಾಡಿಗಳ ಹವಾ ಅಳೆದು ಚಾಲಕನಿಗೆ ಹೇಳುವ ಪದ್ಧತಿಯನ್ನು ಸಾರಿಗೆ ಇಲಾಖೆ ಶುರುಮಾಡಲಿ. ದಂಡ ಹಾಕಲು ಬೇಡ, ತಿಳಿಸಲು. ಚಾಲಕರ ಸಂಘಗಳು ಸ್ಟ್ಯಾಂಡಿಗೊಂದು ಗೇಜ್ ಇಡಲಿ, ವಾರದ ಒಂದು ಬೆಳಿಗ್ಗೆಯನ್ನು ಹವಾಕ್ಕೆ ಮೀಸಲಿಡಲಿ.

ಚಾಲಕರಲ್ಲಿ ಕೇಳುವುದು ಒಂದೇ. ಮುಂದಿನ ಸಲ ಹವಾ ಹಾಕಿಸುವಾಗ “ಗಟ್ಟಿ ಆಗೂಮಟಾ” ಎನ್ನಬೇಡಿ, ಕೈಪಿಡಿಯ ಅಂಕಿಯನ್ನು ಹೇಳಿ. ಸರ್ವಿಸ್ ಮುಗಿದ ಮೇಲೆ ಜಾಬ್ ಕಾರ್ಡ್ ಕೈಗೆ ಬಂದಾಗ ಹವಾದ ಅಂಕಿ ಬರೆಯದಿದ್ದರೆ ಬರೆಸಿಕೊಳ್ಳಿ, ಆಮೇಲೆ ಸಹಿ ಹಾಕಿ. ಹತ್ತು ಚಾಲಕರು ಹೀಗೆ ಕೇಳಿದರೆ ಹನ್ನೊಂದನೆಯವನ ಕಾರ್ಡಿನಲ್ಲಿ ಅದು ತಾನಾಗಿಯೇ ಬರುತ್ತದೆ. ಯಾರ ಕೆಲಸವೂ ಅಲ್ಲದ ಕೆಲಸಕ್ಕೆ ಆಗ ಒಬ್ಬ ಹೊಣೆಗಾರ ಸಿಕ್ಕಿರುತ್ತಾನೆ.